ಗಾಳಿಮರದ ಪರಾಗ

ಮಾರ್ಚ್ 9, ಭಾನುವಾರ

ಪ್ರೀತಿಯ ಮೊಂಡಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ ಬೈ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೆಯೇ ಇದೆ. ನಿನ್ನ ಹತ್ತಿರ ಡ್ರೈವಿಂಗ್ ಕಲಿಯಲು ಬಂದ ಅರವತ್ತು ವರ್ಷದ ದರ್ಜಿ, ಎದುರಿಗೆ ಲಾರಿ ಬಂದಾಗ ಬ್ರೇಕ್ ಒತ್ತುವ ಬದಲು ಕಣ್ಣು ಮುಚ್ಚಿಕೊಂಡರಂತಲ್ಲ, ಅದನ್ನು ಅವರಿಗೆ ಓದಿ ಹೇಳಿದೆ. "ನೀನೂ ಹಾಗೇ ಕಣೇ, ಮೈಕ್ರೋಸ್ಕೋಪ್ ಒಂದು ಬಿಟ್ರೆ ಬೇರೆಲ್ಲಾ ಕಡೆ ಕಣ್ಣು ಮುಚ್ಕೊಂಡೇ ಓಡಾಡ್ತೀಯ" ಎಂದು ಅರ್ಧ ಗಂಟೆ ನಕ್ಕರು.

ನಮ್ಮ ಹಳೆಯ ಲ್ಯಾಬನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದಾರೆ. ಈಗಿನ ಮುಖ್ಯಸ್ಥೆ ನನ್ನ ಬಳಿಯೇ ಓದಿದವಳು. ಫೋನ್ ಮಾಡಿ, "ಮೇಡಂ, ನಿಮ್ಮ ಸ್ಲೈಡ್ ಪೆಟ್ಟಿಗೆಗಳನ್ನ ನೀವೇ ಬಂದು ನೋಡಿ. ಯಾವುದು ಇಟ್ಕೋಬೇಕು, ಯಾವುದು ಬಿಸಾಕಬೇಕು ನಮಗೆ ಗೊತ್ತಾಗಲ್ಲ" ಎಂದಳು. ನಿವೃತ್ತಿಯಾದ ಆರು ವರ್ಷದ ಮೇಲೆ ಮತ್ತೆ ಅದೇ ಸ್ಟೂಲಿನ ಮೇಲೆ ಕುಳಿತೆ. ಮೂವತ್ತಾರು ವರ್ಷ ಅದರ ಮೇಲೆ ಕುಳಿತು ನಾನು ಮಾಡಿದ್ದೆಲ್ಲ ಎಣಿಕೆ. ಕೆರೆಯ ತಳಕ್ಕೆ ಕೊಳವೆ ಇಳಿಸಿ ಕೆಸರು ತೆಗೆಯುವುದು, ಅದನ್ನು ಆಸಿಡ್‌ನಲ್ಲಿ ಕುದಿಸುವುದು, ಉಳಿದ ಪಳೆಯುಳಿಕೆ ಪರಾಗವನ್ನು ಒಂದೊಂದೇ ಕಣ ಎಣಿಸಿ ಸಾವಿರಾರು ವರ್ಷದ ಹಿಂದೆ ಅಲ್ಲಿ ಯಾವ ಗಿಡಮರ ಇದ್ದವೆಂದು ಹೇಳುವುದು. ನೀನು ಹೊಟ್ಟೆಯಲ್ಲಿದ್ದಾಗ ಸ್ಟೂಲನ್ನು ಹಿಂದೆ ಸರಿಸಿ, ಕತ್ತು ಮುಂದೆ ಚಾಚಿ ಎಣಿಸಿದ್ದೇನೆ. "ಹೂವಿನ ಧೂಳು ಎಣಿಸೋಕೆ ಇವಳಿಗೆ ಸಂಬಳ, ಮನೆ ಧೂಳು ಒರೆಸೋಕೆ ನನಗೆ ಬೈಗುಳ" ಎಂದು ನಿಮ್ಮಪ್ಪ ಬಂದವರಿಗೆಲ್ಲ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು.

ಮೂರನೆಯ ಪೆಟ್ಟಿಗೆಯಲ್ಲಿ ನಲವತ್ತೊಂದನೆಯ ಸ್ಲೈಡ್ ಸಿಕ್ಕಿತು. ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಅದರಲ್ಲಿದ್ದ ಹನ್ನೊಂದು ಪರಾಗಕಣಗಳ ಮೇಲೆಯೇ ನನ್ನ ದೊಡ್ಡ ಲೇಖನ ನಿಂತಿತ್ತು. ಗಾಳಿಮರ ಜನ ತಂದು ನೆಟ್ಟದ್ದಲ್ಲ, ಒಂಬತ್ತು ಸಾವಿರ ವರ್ಷದ ಹಿಂದೆಯೇ ಈ ಕೆರೆಯ ದಡದಲ್ಲಿತ್ತು ಎಂದು ಬರೆದಿದ್ದೆ. ಪ್ರೊಫೆಸರ್ ಹುದ್ದೆ, ಪದಕ, ಪಠ್ಯಪುಸ್ತಕದಲ್ಲಿ ಅರ್ಧ ಪುಟ, ಎಲ್ಲವೂ ಅದರಿಂದ ಬಂದದ್ದು.

ಆಗ ನೀನು ನನ್ನ ಲ್ಯಾಬಿಗೆ ಸೇರಿ ಎಂಟು ತಿಂಗಳಾಗಿತ್ತು. ಆ ಸ್ಲೈಡ್ ನೋಡುತ್ತಾ ತಲೆ ಎತ್ತದೆಯೇ ಹೇಳಿದ್ದೆ: "ಅಮ್ಮಾ, ಇವು ಹಳೇವಲ್ಲ. ಆಸಿಡ್‌ನಲ್ಲಿ ಕುದ್ದಿದ್ರೆ ಬರೀ ಸಿಪ್ಪೆ ಉಳೀಬೇಕಿತ್ತು. ಇವುಗಳ ಒಳಗೆ ತಿರುಳು ಹಾಗೇ ಇದೆ. ಕಿಟಕಿ ಆಚೆ ಗಾಳಿಮರ ಹೂ ಬಿಟ್ಟಿದೆ ನೋಡು, ಕೆಸರು ಕುದಿಸಿ ಆದ್ಮೇಲೆ ಹಾರಿ ಬಂದು ಕೂತಿರ್ಬೇಕು."

ಲೇಖನ ಪತ್ರಿಕೆಗೆ ಕಳಿಸಿ ನಾಲ್ಕು ದಿನವಾಗಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. "ಎಂಟು ತಿಂಗಳಿಗೇ ನನಗೆ ಪಾಠ ಹೇಳ್ತೀಯಾ? ಈ ಕೆಲಸಕ್ಕೆ ಬೇಕಾದ ಕಣ್ಣೇ ಇಲ್ಲ ನಿನಗೆ" ಎಂದೆ, ಎಲ್ಲರ ಎದುರಿಗೆ. ನಿನ್ನ ಮುಖ ಇಷ್ಟಗಲವಿದ್ದದ್ದು ಇಷ್ಟೇ ಇಷ್ಟಾಯಿತು. ಎರಡು ವಾರಕ್ಕೆ ನೀನು ಕೆಲಸ ಬಿಟ್ಟೆ. ಡ್ರೈವಿಂಗ್ ಶಾಲೆ ತೆರೆದಾಗ ನಾನು ಗೊಣಗಿದೆ. "ನನ್ನ ಕಣ್ಣು ರಸ್ತೆಗೆ ಸಾಕು ಬಿಡಮ್ಮ" ಎಂದು ನೀನು ನಗುತ್ತಲೇ ಹೇಳಿದೆ. ನನಗೆ ನಗು ಬರಲಿಲ್ಲ.

ಮೊನ್ನೆ ಆ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹನ್ನೊಂದರಲ್ಲೂ ತಿರುಳಿತ್ತು. ನೀನು ಹೇಳಿದ್ದೇ ಸರಿ, ಮಗಳೇ. ಲೇಖನವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಸಂಪಾದಕರಿಗೆ ಬರೆದಿದ್ದೇನೆ, ತಪ್ಪು ಮೊದಲು ಕಂಡುಹಿಡಿದವಳು ನೀನೆಂದೂ ಬರೆದಿದ್ದೇನೆ. "ಮೇಡಂ, ಇಷ್ಟು ವರ್ಷದ ಮೇಲೆ ಯಾಕೆ? ಯಾರೂ ಕೇಳ್ತಿಲ್ವಲ್ಲ" ಎಂದು ಮುಖ್ಯಸ್ಥೆ ಪೇಚಾಡಿದಳು. ನಿಮ್ಮಪ್ಪ ಮಾತ್ರ, "ಅವರಿಗೆಲ್ಲ ಆಮೇಲೆ ಬರಿ, ಮೊದಲು ಮಗಳಿಗೆ ಬರಿ" ಎಂದರು. ಅದಕ್ಕೇ ಸಂಪಾದಕರ ಕಾಗದ ಇನ್ನೂ ಮೇಜಿನ ಮೇಲಿದೆ. ನಿನ್ನೆದುರು ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ. ನನ್ನನ್ನು ಕ್ಷಮಿಸು ಕಂದಾ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಗಾಡಿಗೂ ಗಾಡಿಯಲ್ಲಿ ಕುಳಿತವರಿಗೂ ಯಾವ ಗೀರೂ ಬೀಳದಿರಲಿ. ಆ ದರ್ಜಿಗೆ ಬೇಗ ಲೈಸೆನ್ಸ್ ಸಿಗಲಿ. ನೀನು ನೂರು ಕಾಲ ನಗುನಗುತ್ತಾ ಬಾಳು.

ನಿನ್ನ
ಅಮ್ಮ

ತಾ.ಕ.: ಕಾಗದವನ್ನು ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮೊನ್ನೆ ನೋಡಿದಾಗ ತಿಳಿಯಿತು ಎಂಬಂತೆ ಬರೆದೆನಲ್ಲ, ಅದು ಸುಳ್ಳು. ನಿನ್ನನ್ನು ಬೈದ ದಿನವೇ, ಸಂಜೆ ನೀವೆಲ್ಲ ಹೊರಟ ಮೇಲೆ, ನಾನೊಬ್ಬಳೇ ಕುಳಿತು ಅದನ್ನು ನೋಡಿದ್ದೆ. ತಿರುಳು ಕಂಡಿತ್ತು. ಲೇಖನ ತಡೆಯಲು ಒಂದು ಫೋನ್ ಸಾಕಿತ್ತು, ಮಾಡಲಿಲ್ಲ. ಇದು ನಿಮ್ಮಪ್ಪನಿಗೂ ಗೊತ್ತಿಲ್ಲ. ಮರುದಿನ ಬೆಳಗ್ಗೆ ತಿಂಡಿಗೆ ಕುಳಿತಾಗ ನೀನು ಮೆಲ್ಲಗೆ, "ಅಮ್ಮಾ, ಇನ್ನೊಂದು ಸಲ ನೋಡಿದ್ಯಾ?" ಎಂದು ಕೇಳಿದೆ. "ನೋಡಿದೆ. ನಿಂದೇ ತಪ್ಪು" ಎಂದೆ. ನೀನು ತಟ್ಟೆ ನೋಡುತ್ತಾ, "ಹೌದಾ? ಸಾರಿ ಅಮ್ಮ" ಎಂದೆ.

ನಾನು, "ಪರವಾಗಿಲ್ಲ ಬಿಡು" ಎಂದುಬಿಟ್ಟೆ.