ಬ್ಯಾಟರಿ ಮಾತ್ರ ಕಂಪನಿಯದು

ಮಾರ್ಚ್ 3, ಬೆಳಗ್ಗೆ

ಹಿಟ್ಟು ನಾದಿ ಫೋನ್ ನೋಡಿದೆ. ಎಲೆಕ್ಟ್ರಿಕ್ ಕಾರು ಮಾರಾಟಕ್ಕಿದೆ ಎಂಬ ನನ್ನ ಜಾಹೀರಾತಿಗೆ ಮತ್ತೆ ಅದೇ ಪ್ರಶ್ನೆ — ಬ್ಯಾಟರಿ ಸೇರಿ ತಾನೇ? ಅಲ್ಲ ಮಹಾರಾಯ. ಕಾರು ನನ್ನದು, ಬ್ಯಾಟರಿ ಕಂಪನಿಯದು. ತಿಂಗಳು ತಿಂಗಳು ಬಾಡಿಗೆ. ಕೊಂಡವರು ಆ ಕರಾರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಷ್ಟು ಹೇಳುವುದರೊಳಗೆ ಫೋನ್ ಕಟ್.

ಕರಾರು ನನ್ನ ತಲೆಯ ಮೇಲಿರುವ ತನಕ ಬ್ಯಾಂಕಿನವರು ಹೊಸ ಓವನ್‌ಗೆ ಸಾಲ ಕೊಡರು. ದ್ವೀಪದಲ್ಲಿ ಹೊಸ ಬೇಕರಿ ಹಿಡಿದಾಗಿದೆ, ಹೆಂಡತಿ ಸೊಲೆನ್ ಆಗಲೇ ಅಲ್ಲಿದ್ದಾಳೆ. ಅಲ್ಲಿಗೆ ಕಾರು ಬಿಡುವುದಿಲ್ಲ.

"ನನ್ನನ್ನಾದ್ರೂ ಬಿಟ್ಟೀಯ ಎರ್ವಾನ್, ಆ ಕಾರನ್ನ ಬಿಡಲ್ಲ ನೀನು," ಅಂದಳು ಫೋನಿನಲ್ಲಿ. ತಮಾಷೆಗಲ್ಲ. ನಿಜವಾಗಿ ಹೆದರಿದೆ.

ಮಾರ್ಚ್ 8

ಮೀನು ಮಾರುವ ಮಾತುರಾನ್ ಬಂದ. ಸುತ್ತು ಹೊಡೆದ, ಸೀಟು ಸವರಿದ, ಬಾಡಿಗೆ ವಿಷಯ ಕೇಳಿ ಹೊಟ್ಟೆ ಹಿಡಿದು ನಕ್ಕ. "ಅಲ್ಲಯ್ಯಾ, ಕುದುರೆ ನಿಂದು, ಕಾಲು ಕಂಪ್ನೀದಾ?"

ಹೋಗಲೋ ಎಂದು ಬಾಗಿಲು ಹಾಕಿಕೊಂಡೆ. ಸಿಟ್ಟು ಇಳಿಯಲು ಅರ್ಧ ಬಾಟಲಿ ಸೈಡರ್ ಬೇಕಾಯಿತು.

ಮಾರ್ಚ್ 19

ಹತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನಿತ್ತು?

ಇವತ್ತು ಮದಾಮ್ ಲೆಸ್ತ್ರಾದ್. ಬಂದರು ಬೀದಿಯ ಕೊನೆಮನೆಯ ಮುದುಕಿ, ದಿನಾ ಅರ್ಧ ಬ್ರೆಡ್ಡಿನ ಗಿರಾಕಿ. ಬ್ರೆಡ್ಡು ಕಂಕುಳಲ್ಲಿಟ್ಟು, "ಕಾರು ನಾನು ತಗೋತೀನಿ" ಅಂದರು.

"ಮದಾಮ್, ಬ್ಯಾಟರಿ ನಮ್ಮದಲ್ಲ..."

"ಗೊತ್ತು ಕಣೋ. ನಾನಿರೋ ಮನೆ ನಂದಾ? ಆರು ವರ್ಷದ ಹಿಂದೇನೇ ಮಾರಿದೀನಿ. ಕೊಂಡವನು ತಿಂಗಳು ತಿಂಗಳು ದುಡ್ಡು ಕೊಡ್ತಾನೆ, ನಾನು ಸಾಯೋ ತನಕ ಅಲ್ಲೇ ಇರ್ತೀನಿ. ಪ್ರತಿ ಕ್ರಿಸ್ಮಸ್‌ಗೆ ಬಂದು ನನ್ನ ಆರೋಗ್ಯ ವಿಚಾರಿಸ್ತಾನೆ, ಪಾಪ! ಇನ್ನೊಬ್ಬರದನ್ನ ನಮ್ಮದು ಅಂತ ಬಳಸೋದು ನಂಗೆ ನೀನು ಕಲಿಸ್ತೀಯಾ?"

"ಬ್ಯಾಟರಿ ಎಷ್ಟು ವರ್ಷ ಬಾಳುತ್ತೋ..."

"ಅದು ಮೊದಲೋ ನಾನು ಮೊದಲೋ ನೋಡೇಬಿಡೋಣ. ನಾನು ಹೋದ್ರೆ ಮನೆ ಅವನಿಗೆ, ಬ್ಯಾಟರಿ ಕಂಪ್ನಿಗೆ. ನನ್ನ ಅಣ್ಣನ ಮಕ್ಕಳಿಗೆ ಸ್ಟೇರಿಂಗ್!"

ಬ್ರೆಡ್ಡಿನ ದುಡ್ಡು ಬೇಡ ಅಂದೆ ನಾನು. ಬೈದು ಕೊಟ್ಟುಹೋದರು.

ಮಾರ್ಚ್ 28

ಕಂಪನಿಯ ಕಾಗದ ಬಂತು! ಕರಾರು ಮದಾಮ್ ಹೆಸರಿಗೆ ಆಯಿತು. ಮಧ್ಯಾಹ್ನ ಬ್ಯಾಂಕಿನವರೂ ಹೂಂ ಅಂದರು. ಹಿಟ್ಟಿನ ಚೀಲದ ಮೇಲೆ ಕುಳಿತುಬಿಟ್ಟೆ. ಎದೆಯ ಮೇಲಿದ್ದ ಬಂಡೆ ಇಳಿಯಿತು, ದೇವರಾಣೆ.

ಸೊಲೆನ್‌ಗೆ ಫೋನಿನಲ್ಲಿ ಹೇಳಿದೆ. ಆ ಕಡೆಯಿಂದ ಅಳುವ ಸದ್ದು. "ನೀನು ಬರಲ್ಲ ಅಂತಾನೇ ಅಂದ್ಕೊಂಡಿದ್ದೆ," ಅಂದಳು.

ಕಾರಿನ ನೆಪ ಹೇಳುತ್ತಿದ್ದೇನೆಂದು ತಿಳಿದಿದ್ದಳೇ ಇಷ್ಟು ದಿನ! ಹುಚ್ಚಿ.

ಮಾರ್ಚ್ 31, ಹಡಗಿನಲ್ಲಿ

ಮದಾಮ್ ತಾವೇ ಕಾರು ಓಡಿಸಿ ನನ್ನನ್ನು ದಕ್ಕೆಗೆ ತಂದುಬಿಟ್ಟರು. ಅಬ್ಬಾ, ಏನು ವೇಗ! ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕು ಒತ್ತಿದ್ದೇ ಒತ್ತಿದ್ದು. ಇಳಿದ ಮೇಲೆ ಆ ಕಾರನ್ನು ಒಂದು ಸಲವೂ ತಿರುಗಿ ನೋಡಲಿಲ್ಲ ನಾನು.

ದ್ವೀಪ ಹತ್ತಿರವಾಯಿತು. ದಡದಲ್ಲಿ ಯಾರೋ ಎರಡೂ ಕೈ ಬೀಸುತ್ತಿದ್ದಾರೆ, ಟೋಪಿ ಗಾಳಿಗೆ ಹಾರಿದರೂ ಲೆಕ್ಕಕ್ಕಿಲ್ಲ. ಅವಳೇ. ಸಾಕು ಬರೆದದ್ದು, ಈ ಪುಸ್ತಕ ಜೇಬಿಗೆ—