ಹನ್ನೊಂದು ನಿಮಿಷದ ಹ್ಞೂಂ

ಅವ್ವಾ,

ಇವತ್ತು ಸಂಜೆ ನಾನು ಮೊಬೈಲಿನಲ್ಲಿ ಯಾರೋ ಹಲಸಿನಹಣ್ಣು ಬಿಡಿಸುವುದನ್ನು ನೋಡುತ್ತಿದ್ದೆ. ನಿನ್ನ ಮೊಮ್ಮಗಳು ನಿಖಿತಾ ಬಾಜೂಕ ಬಂದು ಕುಳಿತಳು.

"ಪಪ್ಪಾ, ನಾ ಸಾಲಿ ಬಿಡ್ಲಿ?"

"ಹ್ಞೂಂ."

"ಒಂದ ಆನಿ ಸಾಕೂಣು?"

"ಹ್ಞೂಂ."

"ನಿನ್ನ ಮಾರಿಬಿಡ್ಲಿ?"

"ಹ್ಞೂಂ, ಮಮ್ಮಿನ ಕೇಳು."

ಮನೆಯೆಲ್ಲ ನಕ್ಕಿತು. ಕೈಯಲ್ಲಿ ಫೋನು, ಮನೆಯಲ್ಲಿಲ್ಲ ನಾನು ಎಂದು ಪ್ರಾಸ ಕಟ್ಟಿ ನಾನೂ ನಕ್ಕೆ. ಆಮೇಲೆ ನೀನು ನೆನಪಾದೆ.

ನಂದಗಡದಿಂದ ದಿನಾ ಸಂಜೆ ಏಳಕ್ಕೆ ನೀನು ಫೋನು ಮಾಡುತ್ತಿದ್ದೆ. ನಾನು ಸ್ಪೀಕರ್ ಹಚ್ಚಿ, ಅದರಲ್ಲೇ ವಿಡಿಯೊ ಸರಿಸುತ್ತ ಹ್ಞೂಂಗುಟ್ಟುತ್ತಿದ್ದೆ. ಕೊನೆಯ ಸಲ ಹನ್ನೊಂದು ನಿಮಿಷ ಮಾತಾಡಿ, "ಹಂಗಾರ ನೀ ಮಾಡ್ತಿ ಹೌದಿಲ್ಲೋ, ತಮ್ಮಾ?" ಎಂದು ಕೇಳಿದೆ. ನಾನು ಹ್ಞೂಂ ಅಂದೆ. "ಇನ್ನ ನನಗ ಚಿಂತಿಲ್ಲ," ಎಂದು ನೀನು ಫೋನಿಟ್ಟೆ. ಮರುದಿನ ನೀನು ಇರಲಿಲ್ಲ.

ಏನು ಮಾಡಬೇಕಿತ್ತು? ಹೊಲದ ಮಾತೋ, ಹರಕೆಯೋ, ಯಾರಿಗಾದರೂ ಕೊಟ್ಟ ಮಾತೋ? ಈಗಷ್ಟೇ ತಂಗಿ ಪ್ರಮಿಳಾಳನ್ನು ಕೇಳಿದೆ.

"ನಂಗೇನ ಗೊತ್ತಣ್ಣಾ? ಅದನ್ನ ನಿಮ್ಮಣ್ಣಗಷ್ಟ ಹೇಳೇನಿ ಅಂದಿದ್ಲು ಅವ್ವ."

ಫೋನನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಏಳಾಯಿತು. ಈಗ ಹೇಳು ಅವ್ವಾ, ಕೇಳುತ್ತಿದ್ದೇನೆ.