ಲೆಸ್ಯಾಳ ಮೊಣಕಾಲು

೭ ನವೆಂಬರ್ ೨೦೦೫, ಸೋಮವಾರ

ಪೂಜೆ ಮುಗಿಸಿ ರೊಟ್ಟಿ ಬಡಿಯತೊಡಗಿದರೆ ಹೊಗೆಯ ಅಲಾರಂ ಹೊಡೆದುಕೊಂಡಿತು. ಲೆಸ್ಯಾ ಮಹಡಿಯಿಂದ ಓಡಿ ಬಂದು ಟವೆಲ್ ಬೀಸಿ ಅದರ ಬಾಯಿ ಮುಚ್ಚಿಸಿದಳು. ಎರಡು ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಬೆಣ್ಣೆ. ನಿಂತೇ ತಿಂದಳು. ಉಕ್ರೇನಿನಿಂದ ಇಂಗ್ಲಿಷರ ದೇಶದ ಈ ಹ್ಯಾರೋಗೆ ಬಂದು ನಮ್ಮ ಮೇಲಿನ ಸಣ್ಣ ರೂಮಿನಲ್ಲಿ ಬಾಡಿಗೆಗಿದ್ದಾಳೆ. ಹುಡುಗಿ ಎನ್ನುತ್ತೇನೆ, ಮೂವತ್ತೊಂದು ವಯಸ್ಸು. ಬೆಳಗ್ಗೆ ಸ್ಪೋರ್ಟ್ಸ್ ಸೆಂಟರಿನಲ್ಲಿ ಕ್ಲೀನಿಂಗ್, ಆಮೇಲೆ ಅಲ್ಲಿಯೇ ಟ್ರಾಂಪೊಲಿನ್ ಮೇಲೆ ಪುಟಿದು ಲಾಗದ ಪ್ರಾಕ್ಟೀಸ್.

ಸಂಜೆ ತನ್ನ ಟೇಪು ಹಾಕಿ ತೋರಿಸಿದಳು. ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಗುಡ್ಡದಿಂದ ಜಾರಿ, ಮುಗಿಲಿಗೆ ಹಾರಿ, ಗಾಳಿಯಲ್ಲೇ ಮೂರು ಲಾಗ! ಶಿವಶಿವಾ. ಕಣ್ಣು ಮುಚ್ಚಿಕೊಂಡೆ.

"ಅಕ್ಕಾ, ಅಪ್ ನೋ ಪ್ರಾಬ್ಲಮ್. ಡೌನ್ ಪ್ರಾಬ್ಲಮ್."

ಅವಳ ಇಂಗ್ಲಿಷೂ ನನ್ನದರಷ್ಟೇ. ಅದಕ್ಕೇ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ತಿಳಿಯುತ್ತದೆ.

೧೩ ನವೆಂಬರ್, ಭಾನುವಾರ

ಮೂಳೆ ಡಾಕ್ಟರ್ ಆಗಿರುವ ನನ್ನ ತಮ್ಮ ಉಮಾಶಂಕರ ಲೆಸ್ಯಾಳ ಎಡ ಮೊಣಕಾಲು ನೋಡಿದ. ಮಡಚಿ, ಎಳೆದು, ಒತ್ತಿ. ಮೂಳೆ ಡಾಕ್ಟರನ ಪತ್ರ ಇಲ್ಲದೆ ಅವಳನ್ನು ಡಿಸೆಂಬರಿನ ಸ್ಪರ್ಧೆಗೆ ಬಿಡುವುದಿಲ್ಲವಂತೆ. ಅಲ್ಲಿ ಚೆನ್ನಾಗಿ ಹಾರಿದರಷ್ಟೇ ಒಲಿಂಪಿಕ್ಸ್.

"ಇನ್ನೆರಡು ವಾರ ಬಾವು ಬರಲಿಲ್ಲಂದ್ರ ಪತ್ರ ಕೊಡತೀನಿ. ಬಂತಂದ್ರ ಇಲ್ಲ. ಇನ್ನೊಮ್ಮೆ ಒಳಗಿನ ನಾರು ಹರೀತಂದ್ರ ಹಾರೂದಿರ್ಲಿ, ಮೆಟ್ಲ ಹತ್ತೂದೂ ಕಷ್ಟ."

ಪಾಪ, ಹನ್ನೆರಡನೇ ವಯಸ್ಸಿಗೇ ಲಾಗ ಹಾಕಲು ಕಲಿತವಳು. ಹದಿನೇಳಕ್ಕೆ ಯಾರೋ ಕೋಚ್ ಕಾಲಿಗೆ ಸ್ಕೀ ಕಟ್ಟಿದ. ಬೇಸಿಗೆಯಲ್ಲಿ ಹಿಮ ಎಲ್ಲಿಯದು — ಕೆರೆಯೊಳಗೆ ಹಾರುವುದು, ಒದ್ದೆ ಬಟ್ಟೆಯಲ್ಲೇ ಮತ್ತೆ ಮೇಲೆ ಹತ್ತುವುದು. ಜಪಾನಿನ ಒಲಿಂಪಿಕ್ಸಿನಲ್ಲಿ ಬಿದ್ದಳು. ಅಮೆರಿಕದ್ದಕ್ಕೆ ಹೊರಡುವ ಮುಂಚೆ ಇದೇ ಮೊಣಕಾಲಿನ ನಾರು ಹರಿಯಿತು. ಇದೇ ಕೊನೆಯದು.

೨೩ ನವೆಂಬರ್

ಫ್ರೀಜರ್ ತೆಗೆದರೆ ಬಟಾಣಿ ಪ್ಯಾಕೆಟ್ ಇಲ್ಲ. ಮೇಲೆ ಹೋದೆ. ಲೆಸ್ಯಾಳ ಮೊಣಕಾಲಿನ ಮೇಲಿತ್ತು. ಮೊಣಕಾಲು ಬಾತು ತೆಂಗಿನಕಾಯಿ ಆಗಿದೆ.

ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಡಾಕ್ಟರ್ ನೋ ಟೆಲ್. ಪ್ಲೀಸ್."

"ಲೆಗ್ ಫಿನಿಶ್, ದೆನ್?"

"ನೋ ಜಂಪ್, ಲೆಸ್ಯಾ ಫಿನಿಶ್."

ಕೈ ಬಿಡಿಸಿಕೊಂಡೆ. ಕೆಳಗೆ ಬಂದು ಬದನೆಕಾಯಿ ಹೆಚ್ಚಿದೆ.

೨೮ ನವೆಂಬರ್, ಸೋಮವಾರ

ಎಡ ಅಂಗೈಯಲ್ಲಿ ಲಿಂಗ. ಹೂವು ಏರಿಸುತ್ತಿದ್ದೆ. ಉಮಾ ಕೋಟು ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತ.

"ಯಕ್ಕಾ, ನಿನ್ನಿ ನೋಡಿದಾಗ ಬಾವು ಇರ್ಲಿಲ್ಲ. ಈ ನಡುವ ಲೆಸ್ಯಾನ ಕಾಲಿಗೆ ಬಂದಿತ್ತೇನು? ಮನ್ಯಾಗ ಇರಾಕಿ ನೀನು. ಏನರ ಇದ್ರ ಈಗ ಹೇಳು, ಪತ್ರ ಇವತ್ತ ಕಳಸ್ತೀನಿ."

ಪೂಜೆಯಲ್ಲಿ ಮಾತಾಡುವುದಿಲ್ಲ. ಗುರುಗಳು ದೀಕ್ಷೆ ಕೊಟ್ಟಂದಿನಿಂದ ನಡೆಸಿಕೊಂಡು ಬಂದದ್ದು. ಕಣ್ಣೆತ್ತಲಿಲ್ಲ.

"ಏನೂ ಇಲ್ಲಂತೀ? ಛಲೋ ಆತು."

ಹೊರಟೇಬಿಟ್ಟ.

ಅದೇ ದಿನ, ಮಧ್ಯಾಹ್ನ

ಸುಳ್ಳು ಹೇಳಿಲ್ಲ. ಬಾಯಿಯೇ ತೆರೆದಿಲ್ಲ... ಉಮಾನ ಆಸ್ಪತ್ರೆಗೆ ಮಾಡೋಣವೆಂದು ಫೋನ್ ಎತ್ತಿದೆ. ಇಟ್ಟೆ. ಅಡುಗೆಮನೆ ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಲೆಸ್ಯಾ ಬಂದು ಕೆನ್ನೆಗೆ ಮುತ್ತು ಕೊಟ್ಟಳು. ಪತ್ರದ ಸುದ್ದಿ ಅವಳಿಗೆ ತಲುಪಿದೆ.

೮ ಡಿಸೆಂಬರ್

ಭಾನುವಾರವೇ ಫಿನ್ಲೆಂಡಿಗೆ ಹೋದಳು. ಸ್ಪರ್ಧೆ ನಾಡಿದ್ದು. ನನಗೆ ಊಟ ಸೇರುತ್ತಿಲ್ಲ. ಪೂಜೆಗೆ ಕೂತರೆ ಅಂಗೈಯಲ್ಲಿ ಲಿಂಗ ಕಾಣುವುದಿಲ್ಲ, ಬಾತ ಮೊಣಕಾಲು ಕಾಣುತ್ತದೆ. ಇದೆಂಥ ಪೂಜೆ, ಶಿವನೇ.

ಉಮಾ ಚಹಾ ಕುಡಿಯುವಾಗ ಹೇಳಿಬಿಟ್ಟೆ. ಕಪ್ಪು ಕೆಳಗಿಟ್ಟ.

"ಕೇಳಿದಾಗ ಯಾಕ ಹೇಳಲಿಲ್ಲ?"

"ಪೂಜಾದಾಗ ಇದ್ನಪಾ."

"ಪೂಜಾ ಮುಗದು ಹತ್ತ ದಿನಾ ಆತಲ್ಲಕ್ಕಾ!"

ಹತ್ತು ದಿನವೂ ಬಾಯಿ ಇತ್ತು.

ನಂಬರ್ ಒತ್ತಿ ಫೋನನ್ನು ನನ್ನ ಕೈಗೇ ಕೊಟ್ಟ. "ಮೊದಲ ಆಕಿಗೆ ನೀನ ಹೇಳು. ಆಮ್ಯಾಲೆ ಕೋಚ್ ಜೋಡಿ ನಾ ಮಾತಾಡ್ತೀನಿ."

"ಲೆಸ್ಯಾ... ಐ ಟೆಲ್ ಡಾಕ್ಟರ್."

ಗಾಳಿಯ ಸದ್ದು. ಆಮೇಲೆ — "ಯೂ ನಾಟ್ ಅಕ್ಕ."

ಕಟ್.

೧೦ ಡಿಸೆಂಬರ್, ಶನಿವಾರ, ಸಂಜೆ

ಹಾರಲು ಬಿಡಲಿಲ್ಲ. ಅಲ್ಲಿಯ ಡಾಕ್ಟರ್ ಸ್ಕ್ಯಾನ್ ಮಾಡಿದರಂತೆ. ಅರ್ಧ ಹರಿದಿದೆ. ಹಾರಿದ್ದರೆ ಪೂರ್ತಿ ಹೋಗುತ್ತಿತ್ತು ಎಂದು ಉಮಾ ಹೇಳಿದ.

"ತಡಾ ಆದ್ರೂ ಹೇಳಿದ್ಯಲ್ಲ. ಆಕಿ ಕಾಲು ಉಳೀತು, ಬಿಡು."

ಕಾಲು ಉಳಿಯಿತು. ಹಾರುವುದು ಹೋಯಿತು. ಯಾವುದಕ್ಕೆ ಕೈ ಮುಗಿಯಲಿ?

೧೪ ಡಿಸೆಂಬರ್

ಫೋನಿಲ್ಲ. ಅವಳ ರೂಮಿನ ಹಾಸಿಗೆ ಬದಲಿಸಿದೆ. ಹೀಟರ್ ಹಾಕಿದೆ. ಬರುತ್ತಾಳೋ ಇಲ್ಲವೋ ಎಂದು ಆರಿಸಿದೆ. ಮತ್ತೆ ಹೋಗಿ ಹಾಕಿದೆ.

೧೭ ಡಿಸೆಂಬರ್, ಮಧ್ಯಾಹ್ನ ಮೂರು

ಮೇಲಿನ ಕಿಟಕಿಯ ಹತ್ತಿರ ಕೂತಿದ್ದೇನೆ. ಟ್ಯಾಕ್ಸಿ ಬಂದು ನಿಂತಿದೆ. ಲೆಸ್ಯಾ! ಕಂಕುಳಲ್ಲಿ ಊರುಗೋಲು, ಆದರೂ ಡ್ರೈವರನಿಗೆ ಸ್ಕೀ ಚೀಲ ಮುಟ್ಟಗೊಡಲಿಲ್ಲ. ಮೇಲೆ ನೋಡಲಿಲ್ಲ.

ಉಮಾ ಡ್ಯೂಟಿಗೆ ಹೋಗಿದ್ದಾನೆ. ಏನೆನ್ನಲಿ? ಹೇಳಿದ್ದಕ್ಕೆ ಸಾರಿ ಎನ್ನಲಾರೆ. ಅಷ್ಟು ದಿನ ಹೇಳದೆ ಕೂತದ್ದಕ್ಕಾದರೆ... ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?

ಬೆಲ್ ಆಯಿತು. ಅವಳ ಹತ್ತಿರ ಮನೆಯ ಕೀ ಇದೆ. ಎಂದೂ ಬೆಲ್ ಒತ್ತಿದವಳಲ್ಲ.

ಮತ್ತೆ ಬೆಲ್. ಕೆಳಗೆ ಹೋಗಿ ಬಾಗಿಲು ತೆಗೆಯುತ್ತೇನೆ, "ಐ ಟೆಲ್ ಲೇಟ್, ಸಾರಿ" ಎನ್ನುತ್ತೇನೆ.